ಬೇಡ ಅಂದರೂ ಲ್ಯಾಬಿಗೆ ಕಳಿಸಿದ ಡಾಕ್ಟರಿಗೆ

ಅವ್ವನ ಎರಡನೇ ಆಪರೇಷನ್ ಆಗಿ ಮೊನ್ನೆಗೆ 5 ವರ್ಷ ತುಂಬಿತು. ಸ್ಕ್ಯಾನಿನಲ್ಲಿ ಏನೂ ಇಲ್ಲ. ಧಾರವಾಡದ ನಮ್ಮ ಓಣಿಯವರಿಗೆ, ಬೆಂಗಳೂರಿನಲ್ಲಿ ಎರಡು ತಿಂಗಳು ನಮ್ಮನ್ನು ಇಟ್ಟುಕೊಂಡ ಅತ್ತಿಗೆಗೆ, ರಕ್ತ ಕೊಟ್ಟ ಹುಡುಗರಿಗೆ ಕೈ ಮುಗಿಯುತ್ತೇನೆ. ಆದರೆ ಮೊದಲ ನಮಸ್ಕಾರ ಹೋಗಬೇಕಾದ್ದು ನನ್ನ ಮಾತು ಕೇಳದ ನಮ್ಮೂರಿನ ಡಾಕ್ಟರಿಗೆ.

ಅವ್ವನಿಗೆ ಪಿತ್ತಕೋಶದಲ್ಲಿ ಕಲ್ಲು ಅಂತ ಆಪರೇಷನ್ ಆಗಿತ್ತು. ಆ ಕಲ್ಲುಗಳನ್ನು ಸಣ್ಣ ಡಬ್ಬಿಯಲ್ಲಿ ಹಾಕಿ ಕೊಟ್ಟಿದ್ದರು. ನೋಡಲು ಬಂದವರಿಗೆಲ್ಲ ಅವ್ವ ಅದನ್ನು ಅಲ್ಲಾಡಿಸಿ ತೋರಿಸುತ್ತಿದ್ದಳು. ತೆಗೆದ ಪಿತ್ತಕೋಶವನ್ನು ಬಯಾಪ್ಸಿಗೆ ಕಳಿಸುತ್ತೇನೆ ಎಂದು ಡಾಕ್ಟರ್ ಹೇಳಿದಾಗ ನಾನು, "ಬರೀ ಕಲ್ಲಲ್ವಾ ಸರ್, ಸುಮ್ನೆ ಯಾಕೆ ಖರ್ಚು?" ಎಂದಿದ್ದೆ. ಅವರು ನನ್ನನ್ನೊಮ್ಮೆ ನೋಡಿ, ಚೀಟಿ ಬರೆದು ನರ್ಸ್ ಕೈಗೆ ಕೊಟ್ಟರು.

ಒಂಬತ್ತನೇ ದಿನ ಫೋನ್ ಬಂತು. ಕ್ಯಾನ್ಸರ್. ಟಿ2 ಹಂತ.

ಬೆಂಗಳೂರಿನ ಸರ್ಜನ್ ರಿಪೋರ್ಟಿನ ಹಿಂದೆ ಬದನೆಕಾಯಿಯಂಥ ಚಿತ್ರ ಬರೆದು ಹೇಳಿದರು. ಒಳಗಿನ ತೆಳು ಪದರದಲ್ಲೇ ನಿಂತಿದ್ದರೆ ಪಿತ್ತಕೋಶ ತೆಗೆದದ್ದೇ ಸಾಕಿತ್ತು. ಇದು ಸ್ನಾಯುವಿನ ಪದರ ದಾಟಿದೆ, ಟಿ2 ಅಂದರೆ ಅದೇ. ಹಾಗಾಗಿ ಪಿತ್ತಕೋಶಕ್ಕೆ ಅಂಟಿಕೊಂಡಿದ್ದ ಲಿವರಿನ ತುಂಡು, ಸುತ್ತಲಿನ ದುಗ್ಧಗ್ರಂಥಿಗಳು (ಲಿಂಫ್ ನೋಡ್), ಎರಡನ್ನೂ ತೆಗೆಯಬೇಕು. ಗ್ರಂಥಿಗೆ ಹರಡಿದೆಯಾ, ಕಾಮಾಲೆ ಬಂದಿದೆಯಾ, ಕತ್ತರಿಸಿದ ಅಂಚಿನಲ್ಲಿ ರೋಗ ಉಳಿದಿದೆಯಾ, ಇದರ ಮೇಲೆ ಮುಂದಿನದು ನಿಂತಿದೆ ಎಂದರು. ಆಮೇಲೆ ಮೊದಲ ಆಪರೇಷನ್ನಿನ ಕಾಗದ ಓದುತ್ತಾ ಒಂದು ಸಾಲಿನ ಮೇಲೆ ಬೆರಳಿಟ್ಟರು. ಪಿತ್ತಕೋಶ ಒಡೆಯದಂತೆ ಚೀಲದೊಳಗೆ ಹಾಕಿ ಹೊರತೆಗೆಯಲಾಗಿದೆ, ಎಂದಿತ್ತು. "ಪಿತ್ತರಸ ಹೊಟ್ಟೆಯೊಳಗೆ ಚೆಲ್ಲಿದ್ದರೆ ಕಷ್ಟವಿತ್ತು. ಒಳ್ಳೆ ಕೆಲಸ ಮಾಡಿದ್ದಾರೆ."

7 ಗ್ರಂಥಿ ತೆಗೆದರು. ಯಾವುದರಲ್ಲೂ ರೋಗ ಇರಲಿಲ್ಲ. ಪಕ್ಕದ ಹಾಸಿಗೆಯಲ್ಲಿ ಬಿಹಾರದ ಒಬ್ಬ ಅಮ್ಮ ಇದ್ದರು. ಗಂಗಾ ಬಯಲಿನ ಕಡೆ ಈ ರೋಗ ಜಾಸ್ತಿಯಂತೆ. ಅವರು ಬಂದಾಗಲೇ ಕಣ್ಣು ಹಳದಿಯಾಗಿತ್ತು, ಆಪರೇಷನ್ ಮಾಡುವ ಹಾಗಿರಲಿಲ್ಲ. ಭಾಷೆ ಬಾರದಿದ್ದರೂ ಅವ್ವನ ಕೈ ಹಿಡಿದು ಕೂರುತ್ತಿದ್ದರು. ಅವರಿಗೂ ನಾನು ಋಣಿ.

ಮತ್ತೆ 6 ತಿಂಗಳು ಕೆಪೆಸಿಟಾಬಿನ್ ಎಂಬ ಕೀಮೋ ಮಾತ್ರೆ, ಎರಡು ವಾರ ತಗೊಂಡು ಒಂದು ವಾರ ಬಿಡುವುದು. ಅಂಗೈ ಕೆಂಪಾಗಿ ಸಿಪ್ಪೆ ಏಳುತ್ತಿತ್ತು. ಬಿಸಿ ಹಿಟ್ಟು ಮುಟ್ಟುವ ಹಾಗಿರಲಿಲ್ಲ. ಆ 6 ತಿಂಗಳೂ ಪಕ್ಕದ ಮನೆ ಕಾಕು ನಮಗೆ ರೊಟ್ಟಿ ಬಡಿದು ಕೊಟ್ಟರು. ಒಂದು ದಿನವೂ ಬೇಸರ ಮಾಡಿಕೊಳ್ಳಲಿಲ್ಲ.

ಕಲ್ಲಿದ್ದವರಿಗೆಲ್ಲ ಕ್ಯಾನ್ಸರ್ ಬರುವುದಿಲ್ಲ, ಹೆದರಬೇಡಿ. ಬಯಾಪ್ಸಿಗೆ ಕಳಿಸುತ್ತೇವೆ ಎಂದರೆ ನನ್ನ ಹಾಗೆ ಅಡ್ಡ ಮಾತ್ರ ಬರಬೇಡಿ.

ಸೋಮವಾರ ಊರಿನ ಡಾಕ್ಟರನ್ನು ನೋಡಲು ಹೋಗುತ್ತಿದ್ದೇವೆ. ಅವ್ವ ಎಳ್ಳು ಹಚ್ಚಿದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಟ್ಟಿದ್ದಾಳೆ. ಕಾಕು ಸಹಾಯಕ್ಕೆ ಬಂದರೆ, "ನೀ ಸುಮ್ನೆ ಕೂಡು" ಅಂದಳಂತೆ.