ಒಂದೇ ಬೀದಿ, ಒಂದೇ ವ್ಯಾಪಾರ: ಪರವಾನಗಿಗೆ ಮಿತಿ ಬೇಡ

ಮಾನ್ಯ ಸಂಪಾದಕರೇ,

ಒಂದೇ ರಸ್ತೆಯಲ್ಲಿ ಐದಾರು ದೋಸೆ ಹೋಟೆಲುಗಳು ಸಾಲಾಗಿ ತೆರೆದುಕೊಂಡು ಯಾರಿಗೂ ಸರಿಯಾಗಿ ವ್ಯಾಪಾರವಾಗುತ್ತಿಲ್ಲವೆಂದೂ, ಒಂದು ರಸ್ತೆಗೆ ಒಂದು ಬಗೆಯ ಅಂಗಡಿ ಇಂತಿಷ್ಟೇ ಎಂದು ಪಾಲಿಕೆಯು ಉದ್ದಿಮೆ ಪರವಾನಗಿ ಕೊಡುವಾಗಲೇ ಮಿತಿ ಹಾಕಬೇಕೆಂದೂ ಓದುಗರೊಬ್ಬರು ಈಚೆಗೆ ಈ ಅಂಕಣದಲ್ಲಿ ಬರೆದಿದ್ದರು. ಅವರ ಕಳಕಳಿ ಅರ್ಥವಾಗುತ್ತದೆ. ಸಲಹೆಯನ್ನು ಮಾತ್ರ ಒಪ್ಪಲಾರೆ. ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಎಲೆಕ್ಟ್ರಿಕಲ್ ಅಂಗಡಿಯೊಂದರಲ್ಲಿ ಇಪ್ಪತ್ತಾರು ವರ್ಷ ಲೆಕ್ಕ ಬರೆದವನು ನಾನು. ಎಡಕ್ಕೂ ಬಲಕ್ಕೂ ಎದುರಿಗೂ ನಮ್ಮಂಥವೇ ಅಂಗಡಿಗಳಿದ್ದವು.

ವೈರಿಂಗ್ ಮೇಸ್ತ್ರಿಯೊಬ್ಬ ಹದಿನಾಲ್ಕು ಸಾಮಾನಿನ ಪಟ್ಟಿ ಹಿಡಿದು ಬರುತ್ತಿದ್ದ. ನಮ್ಮಲ್ಲಿ ಹನ್ನೊಂದು ಇರುತ್ತಿದ್ದವು. ಉಳಿದ ಮೂರನ್ನು ‘ಇಲ್ಲ’ ಎನ್ನುವ ಪದ್ಧತಿಯೇ ನಮ್ಮಲ್ಲಿರಲಿಲ್ಲ. ‘ಕೂತ್ಕೊಳ್ಳಿ, ಒಂದೈದು ನಿಮಿಷ’ ಎಂದು ಹೇಳಿ ಅಂಗಡಿಯ ಹುಡುಗನನ್ನು ಪಕ್ಕದವರಲ್ಲಿಗೆ ಓಡಿಸುತ್ತಿದ್ದೆವು. ಪಕ್ಕದವರ ಹುಡುಗನೂ ಅದೇ ರೀತಿ ನಮ್ಮಲ್ಲಿಗೆ ಬರುತ್ತಿದ್ದ. ರಾತ್ರಿ ಶಟರ್ ಎಳೆಯುವ ಮುನ್ನ ಆ ದಿನದ ಚೀಟಿಗಳನ್ನು ಜೋಡಿಸಿ, ಅವರಿಗೆ ಕೊಡಬೇಕಾದದ್ದರಲ್ಲಿ ಅವರಿಂದ ಬರಬೇಕಾದದ್ದನ್ನು ವಜಾ ಮಾಡುವುದು ನನ್ನ ಕೆಲಸ. (2017ರಲ್ಲಿ ಜಿಎಸ್‌ಟಿ ಬಂದ ಮೇಲೆ ಚೀಟಿ ಹೋಗಿ ಬಿಲ್ಲು ಬಂತು, ಹುಡುಗನ ಓಟ ನಿಲ್ಲಲಿಲ್ಲ.) ನಮ್ಮ ಎದುರಾಳಿಯ ದಾಸ್ತಾನೇ ನಮಗೆ ಬಾಡಿಗೆಯಿಲ್ಲದ ಗೋದಾಮಾಗಿತ್ತು.

ಗಿರಾಕಿಯ ಕಡೆಯಿಂದ ನೋಡಿದರೆ ವಿಷಯ ಇನ್ನೂ ಸ್ಪಷ್ಟ. ಮನೆ ಕಟ್ಟಿಸುವವರು ಕನಕಪುರದಿಂದಲೋ ಕೋಲಾರದಿಂದಲೋ ಬಸ್ಸು ಹತ್ತಿ ಬರುತ್ತಿದ್ದುದು ನಮ್ಮ ಅಂಗಡಿಯ ಹೆಸರು ಕೇಳಿ ಅಲ್ಲ, ಆ ರಸ್ತೆಯ ಹೆಸರು ಕೇಳಿ. ನಾವು ಹೇಳಿದ ದರ ಜಾಸ್ತಿಯೆನಿಸಿದರೆ ಹತ್ತು ಹೆಜ್ಜೆ ನಡೆದು ಇನ್ನೊಬ್ಬರನ್ನು ಕೇಳಬಹುದೆಂಬ ಧೈರ್ಯ ಅವರಿಗಿತ್ತು, ಆ ಭಯ ನಮಗಿತ್ತು. ಊರ ಹೊರಗೆ ಒಂಟಿಯಾಗಿರುವ ಅಂಗಡಿ ಎಷ್ಟೇ ಪ್ರಾಮಾಣಿಕವಾಗಿದ್ದರೂ ಇಂಥ ಜಾಮೀನು ಕೊಡಲಾರದು. ಚಿಕ್ಕಪೇಟೆಗೆ ಮದುವೆ ಸೀರೆ ತೆಗೆಯಲು ಹೋಗುವವರನ್ನು ಕೇಳಿ ನೋಡಿ: ನಾಲ್ಕು ಅಂಗಡಿ ಹತ್ತಿಳಿದು, ಕೊನೆಗೆ ಮೊದಲನೆಯದಕ್ಕೇ ವಾಪಸಾದವರು ಅವರಲ್ಲಿ ಎಷ್ಟೋ ಮಂದಿ.

ಇದು ಇಂದಿನ ಹುಚ್ಚೂ ಅಲ್ಲ. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಪೇಟೆಯಲ್ಲಿ ಅಕ್ಕಿಗೊಂದು, ಅರಳೆಗೊಂದು, ಬಳೆಗೊಂದು, ಗಾಣಿಗರಿಗೊಂದು, ಕುಂಬಾರರಿಗೊಂದು ಪೇಟೆ ಎಂಬುದನ್ನು ಹೆಸರುಗಳೇ ಹೇಳುತ್ತವೆ. ಬಳೇಪೇಟೆ ಈಗ ವೀಣೆ, ತಬಲಾ, ಹಾರ್ಮೋನಿಯಂಗಳಿಗೆ ಹೆಸರುವಾಸಿ. ಸರಕು ಬದಲಾದರೂ ಒಂದೆಡೆ ಸೇರುವ ಅಭ್ಯಾಸ ಬದಲಾಗಿಲ್ಲ. ಜೆ.ಸಿ. ರಸ್ತೆಯಲ್ಲಿ ವಾಹನಗಳ ಬಿಡಿಭಾಗ, ಎಸ್.ಪಿ. ರಸ್ತೆಯಲ್ಲಿ ಎಲೆಕ್ಟ್ರಾನಿಕ್ಸ್, ಅವೆನ್ಯೂ ರಸ್ತೆಯಲ್ಲಿ ಪುಸ್ತಕ ಹೀಗೆ ನೆಲೆಯೂರಿದ್ದು ಪಾಲಿಕೆ ಗೆರೆ ಎಳೆದು ಕೊಟ್ಟಿದ್ದರಿಂದಲ್ಲ.

ಆದರೆ ಆ ಓದುಗರ ವಾದದಲ್ಲಿ ಹುರುಳೇ ಇಲ್ಲವೆಂದು ಹೇಳಲಾರೆ. ಅಮೆರಿಕದ ಅರ್ಥಶಾಸ್ತ್ರಜ್ಞ ಹೆರಾಲ್ಡ್ ಹೋಟೆಲಿಂಗ್ (ಹೆಸರಿಗೂ ಹೋಟೆಲಿಗೂ ಸಂಬಂಧವಿಲ್ಲ) 1929ರಲ್ಲೇ ಈ ಪ್ರಶ್ನೆಯನ್ನು ಎತ್ತಿಕೊಂಡಿದ್ದರು. ಅವರ ಲೆಕ್ಕವನ್ನು ನಮ್ಮ ಎಳನೀರಿಗೆ ಹೊಂದಿಸಿ ಹೇಳುವುದಾದರೆ, ಒಂದು ಕಿಲೋಮೀಟರ್ ಉದ್ದದ ನೇರ ರಸ್ತೆಯಲ್ಲಿ ಒಂದೇ ದರಕ್ಕೆ ಮಾರುವ ಇಬ್ಬರು ಕಾಲು ಭಾಗಕ್ಕೊಬ್ಬ, ಮುಕ್ಕಾಲು ಭಾಗಕ್ಕೊಬ್ಬ ನಿಂತರೆ ಯಾರೂ 250 ಮೀಟರಿಗಿಂತ ಹೆಚ್ಚು ನಡೆಯಬೇಕಾಗಿಲ್ಲ. ಆದರೆ ಇನ್ನೊಬ್ಬನ ಗಿರಾಕಿಗಳನ್ನು ಸೆಳೆಯಲು ಇಬ್ಬರೂ ತುಸು ತುಸುವೇ ಒಳಕ್ಕೆ ಸರಿದು ಕೊನೆಗೆ ನಟ್ಟನಡುವೆ ಅಕ್ಕಪಕ್ಕ ನಿಲ್ಲುತ್ತಾರೆ. ರಸ್ತೆಯ ತುದಿಯಲ್ಲಿರುವವನು 500 ಮೀಟರ್ ನಡೆಯಬೇಕಾಗುತ್ತದೆ. ಇಲ್ಲಿ ಗುಂಪುಗೂಡಿದ್ದರಿಂದ ಜನರಿಗೆ ದಕ್ಕಿದ್ದು ಕಾಲುನೋವು ಮಾತ್ರ. ಹಾಲು, ಕೊತ್ತಂಬರಿ ಸೊಪ್ಪು, ಬೆಂಕಿಪೊಟ್ಟಣದಂಥ ಸರಕಿನ ಮಟ್ಟಿಗೆ ಇದು ನಿಜ. ಯಾವ ಅಂಗಡಿಯಲ್ಲಿ ಕೊಂಡರೂ ಒಂದೇ ಆಗಿರುವ ವಸ್ತುವಿಗೆ ಮನೆಯ ಹತ್ತಿರದ ಅಂಗಡಿಯೇ ಒಳ್ಳೆಯದು, ಅಂಥ ಅಂಗಡಿಗಳು ಬಹುಮಟ್ಟಿಗೆ ತಾವಾಗಿಯೇ ಚದುರಿಕೊಂಡಿವೆ ಕೂಡ. ನೋಡಿ, ಮುಟ್ಟಿ, ಹೋಲಿಸಿ ಕೊಳ್ಳುವ ಸೀರೆಗೂ ವರ್ಷಕ್ಕೊಮ್ಮೆ ಬೇಕಾಗುವ ಬಿಡಿಭಾಗಕ್ಕೂ ಈ ಲೆಕ್ಕ ಹೊಂದುವುದಿಲ್ಲ.

ಹೋಟೆಲಿಂಗರ ಲೆಕ್ಕದಲ್ಲೂ ತಪ್ಪಿದೆಯೆಂದು 1979ರಲ್ಲಿ ಮೂವರು ಅರ್ಥಶಾಸ್ತ್ರಜ್ಞರು ತೋರಿಸಿದರು. ಥೇಟು ಒಂದೇ ಸರಕನ್ನು ಅಕ್ಕಪಕ್ಕ ಮಾರುವವರು ದರ ಇಳಿಸುತ್ತಾ ಹೋಗಿ ಲಾಭವನ್ನೇ ಕಳೆದುಕೊಳ್ಳುವುದರಿಂದ, ಅವರು ದೂರ ಸರಿಯಲು ಬಯಸುತ್ತಾರೆ. ಪಕ್ಕದಲ್ಲೇ ಉಳಿಯಬೇಕಾದರೆ ಸರಕು ಸ್ವಲ್ಪವಾದರೂ ಬೇರೆಯಾಗಿರಬೇಕು. ವಿ.ವಿ. ಪುರಂನ ತಿಂಡಿ ಬೀದಿಯಲ್ಲಿ ಸಂಜೆ ನಿಂತು ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ಅದೇ ಕುಟುಂಬ ಒಂದು ಕಡೆ ದೋಸೆ ತಿಂದು, ನಾಲ್ಕು ಹೆಜ್ಜೆ ನಡೆದು ಒಬ್ಬಟ್ಟು ತಿಂದು, ಮತ್ತೊಂದು ಕಡೆ ಜಿಲೇಬಿ ಕಟ್ಟಿಸಿಕೊಂಡು ಹೋಗುತ್ತದೆ. ಓದುಗರು ಬರೆದ ರಸ್ತೆಯಲ್ಲಿ ಐದೂ ಹೋಟೆಲುಗಳು ಅದೇ ದೋಸೆ, ಅದೇ ಚಟ್ನಿ, ಅದೇ ದರ ಇಟ್ಟುಕೊಂಡಿದ್ದರೆ ಎರಡು ಮುಚ್ಚುವುದು ಸಹಜ. ಅದನ್ನು ಮಾಲೀಕರು ತಮ್ಮ ದುಡ್ಡಿನಲ್ಲಿ ಕಲಿಯಲಿ. ಯಾವ ರಸ್ತೆಗೆ ಎಷ್ಟು ದೋಸೆ ಕಾವಲಿ ಸಾಕೆಂದು ತೀರ್ಮಾನಿಸುವ ಅಧಿಕಾರವನ್ನು ಪರವಾನಗಿ ಕಚೇರಿಯ ಮೇಜಿಗೆ ಕೊಟ್ಟರೆ, ಮೊದಲು ಬಂದವನಿಗೆ ಏಕಸ್ವಾಮ್ಯವೂ ತಡವಾಗಿ ಬಂದವನಿಗೆ ಮಾಮೂಲಿಯೂ ಗಟ್ಟಿಯಾಗುತ್ತವೆ.

ಪಾಲಿಕೆ ಮಾಡಬಹುದಾದ ಕೆಲಸ ಬೇರೆ ಇದೆ. ಇಂಥ ಬೀದಿಗಳಲ್ಲಿ ಟೆಂಪೊಗಳು ಸರಕು ಇಳಿಸಲು ಬೆಳಗಿನ ವೇಳೆಯನ್ನು ಗೊತ್ತುಮಾಡಿ ಅದನ್ನು ಕಟ್ಟುನಿಟ್ಟಾಗಿ ಪಾಲಿಸುವಂತೆ ಮಾಡಲಿ; ಹೋಟೆಲುಗಳ ಹಸಿ ಕಸವನ್ನು ರಾತ್ರಿಯೇ ಎತ್ತಿಸಲಿ; ರಸ್ತೆ ಅಗಲಿಸುವಾಗ ಅಂಗಡಿಗಳನ್ನು ತೆರವು ಮಾಡಬೇಕಾಗಿ ಬಂದರೆ ಒಂದೊಂದನ್ನು ಒಂದೊಂದು ಸಂಕೀರ್ಣಕ್ಕೆ ಎಸೆಯದೆ ಒಟ್ಟಿಗೇ ಜಾಗ ಕೊಡಲಿ. ಜೊತೆಗೆ ನಾಲ್ಕು ಶೌಚಾಲಯಗಳನ್ನು ಕಟ್ಟಿಸಿ, ಅವಕ್ಕೆ ಬೀಗ ಬೀಳದಂತೆ ನೋಡಿಕೊಳ್ಳಲಿ. ನಮ್ಮ ಅಂಗಡಿಗೆ ಬಂದ ಹೆಂಗಸರು ಅದನ್ನು ಕೇಳಿದಾಗಲೆಲ್ಲ ನಾನು ಮೆಜೆಸ್ಟಿಕ್ ಬಸ್ ನಿಲ್ದಾಣದ ಕಡೆಗೆ ಕೈ ತೋರಿಸುತ್ತಿದ್ದೆ.

ಇಂತಿ,
ನಿವೃತ್ತ ಗುಮಾಸ್ತ,
ಬಸವನಗುಡಿ, ಬೆಂಗಳೂರು