ಗಂಗೆ ನಿನ್ನ ಮೇಲೆ ಮುನಿದಿಲ್ಲ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಾಗದ ಬಂತು. ಸಾಲದ ಕಂತು, ಡೈರಿಯ ಬಟವಾಡೆ, ಅಪ್ಪನ ಮಂಡಿನೋವು ಎಲ್ಲ ಓದಿದೆ. ಅದಕ್ಕೆಲ್ಲ ಆಮೇಲೆ ಬರೆಯುತ್ತೇನೆ. ಕೊನೆಯಲ್ಲಿ ನಿನ್ನ ಹಸು ಗಂಗೆಯ ಬಗ್ಗೆ ಒಂದು ಮಾತು ಬರೆದಿದ್ದೀಯಲ್ಲ, ‘ಹಾಲು ಕರೆಯುವಾಗ ಗಂಗೆ ಒದ್ದಳು. ನನ್ನ ಹೆದರಿಕೆ ಅವಳಿಗೆ ಗೊತ್ತಾಗಿಬಿಟ್ಟಿದೆ. ನಾನು ಈ ಕೆಲಸಕ್ಕೆ ಲಾಯಕ್ಕಿಲ್ಲ ಅನ್ಸುತ್ತೆ’ ಅಂತ. ಅದನ್ನು ಓದಿದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ.

ತೊಡೆಯ ಊತ ಇಳಿಯಿತಾ? ಊರಿ ನಡೆಯುವಾಗ ನೋವಿದ್ದರೆ ಸುಮ್ನೆ ಎಣ್ಣೆ ತಿಕ್ಕುತ್ತಾ ಕೂರಬೇಡ, ಆಸ್ಪತ್ರೆಗೆ ಹೋಗಿ ತೋರಿಸು.

ಗಂಗೆಗೆ ನಿನ್ನ ಮೇಲೆ ಸಿಟ್ಟಿಲ್ಲ. ಹಸುವಿಗೆ ಜನರ ಗುರುತು ಚೆನ್ನಾಗಿ ಸಿಗುತ್ತದೆ, ಹೊಡೆದವರನ್ನು ಮರೆಯುವುದಿಲ್ಲ. ಆದರೆ ನೀನು ಹೊಡೆದವಳಲ್ಲ. ಅವಳು ಬೆಚ್ಚಿದ್ದಾಳೆ, ಅಷ್ಟೇ. ಅವತ್ತೇ ಕೊಟ್ಟಿಗೆಗೆ ಹೊಸ ಲೈಟು ಹಾಕಿಸಿದೆ ಅಂತ ಇನ್ನೊಂದು ಪುಟದಲ್ಲಿ ಬರೆದಿದ್ದೀಯ, ಅಲ್ವಾ? ಆ ಲೈಟು ನಿನ್ನ ಬೆನ್ನ ಹಿಂದೆ ಇದೆಯಾ ನೋಡು. ಇದ್ದರೆ ನೀನು ಹೋಗುವ ಮುಂಚೆ ನಿನ್ನ ನೆರಳು ಹೋಗಿ ಅವಳ ಕಾಲ ಬುಡದಲ್ಲಿ ಬೀಳುತ್ತದೆ. ಹಸುವಿಗೆ ಸುತ್ತಲಿನದೆಲ್ಲ ಹೆಚ್ಚುಕಮ್ಮಿ ಕಾಣುತ್ತದೆ, ಬಾಲದ ನೇರ ಹಿಂದೆ ಮತ್ತು ಮೂಗಿನ ಮುಂದೆ ಸ್ವಲ್ಪ ಜಾಗ ಬಿಟ್ಟು. ಆದರೆ ಆಳ ಎಷ್ಟು, ದೂರ ಎಷ್ಟು ಅನ್ನುವ ಅಂದಾಜು ಅದಕ್ಕೆ ಕಮ್ಮಿ. ನೆಲದ ಮೇಲೆ ಕಪ್ಪಗೆ ಏನಾದರೂ ಅಲ್ಲಾಡಿದರೆ ಅದು ನೆರಳೋ ಗುಂಡಿಯೋ ಗೊತ್ತಾಗದೆ ಗಾಬರಿಯಾಗುತ್ತದೆ.

ನಮ್ಮ ಎತ್ತು ರಾಮ ನಿಮ್ಮ ತಾತನನ್ನು ಹಾಯ್ದ ಕಥೆ ಮನೆಯಲ್ಲಿ ಎಲ್ಲರಿಗೂ ಗೊತ್ತು, ಅದನ್ನು ಬಿಡು. ಯಾರೂ ಹೇಳದ ಸಂಗತಿ ಒಂದಿದೆ. ಅವತ್ತು ಸೋನೆ ಮಳೆ. ತಾತ ಯಾವಾಗಲೂ ಹೊದೆಯುತ್ತಿದ್ದದ್ದು ಕರಿ ಕಂಬಳಿ. ಅವತ್ತು ಮಾತ್ರ ಗೊಬ್ಬರದ ಚೀಲದೊಳಗಿನ ಬಿಳಿ ಪ್ಲಾಸ್ಟಿಕ್ ತಲೆ ಮೇಲೆ ಎಳೆದುಕೊಂಡು ಹೋದರು. ಹೆಜ್ಜೆ ಇಟ್ಟಾಗಲೆಲ್ಲ ಪರಪರ ಸದ್ದು. ಘಾಟಿ ಜಾತ್ರೆಯಿಂದ ತಂದ ಹಳ್ಳಿಕಾರ್ ಎತ್ತು ಅದು. ಮೊದಲೇ ಚುರುಕು ಜಾತಿ. ಎತ್ತಿಗೆ ತಲೆ ಕೆಟ್ಟಿದೆ ಅಂತ ಮುಂದಿನ ಸಂತೆಗೇ ಹೊಡೆದುಕೊಂಡು ಹೋಗಿ ಮಾರಿದರು. ನಾನು ಆಗ ಹುಡುಗ. ಪ್ಲಾಸ್ಟಿಕ್ಕಿನ ವಿಷಯ ನನಗೂ ಹೊಳೆದಿರಲಿಲ್ಲ.

ಹೊಳೆದದ್ದು ಕುಣಿಗಲ್‌ನ ಕುದುರೆ ಫಾರಂಗೆ ಸೇರಿದ ಮೇಲೆ. ಹೈದರಾಲಿ, ಟಿಪ್ಪು ಕಾಲದಿಂದ ದಂಡಿಗೆ ಕುದುರೆ ಸಾಕಿದ ಜಾಗ. ಅಲ್ಲಿ ಐದು ಕ್ವಿಂಟಲ್ ತೂಗುವ ಒಂದು ಹೆಣ್ಣು ಕುದುರೆ ಬೇಲಿಗೆ ಸಿಕ್ಕಿದ ಪ್ಲಾಸ್ಟಿಕ್ ಕವರು ಪಟಪಟ ಅಂದಿದ್ದಕ್ಕೆ ನನ್ನ ಕೈಯಿಂದ ಹಗ್ಗ ಕಿತ್ತುಕೊಂಡು ಓಡಿತು. ಆಗ ರಾಮ ಕಣ್ಣ ಮುಂದೆ ಬಂದ. ಅಷ್ಟು ಹೊತ್ತಿಗೆ ತಾತ ತೀರಿಕೊಂಡಿದ್ದರು. ಅವರಿಗೆ ಆ ಎತ್ತನ್ನು ಕಂಡರೆ ಎಷ್ಟು ಪ್ರೀತಿ ಇತ್ತು ಗೊತ್ತಾ? ಅದು ತನ್ನನ್ನು ದ್ವೇಷಿಸಿತು ಅಂದುಕೊಂಡೇ ಹೋದರು. ಈ ಒಂದು ಮಾತು ಅವರಿಗೆ ಹೇಳಲಾಗಲಿಲ್ಲವಲ್ಲ ಅನ್ನುವುದು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಅದಕ್ಕೇ ನಿನಗೆ ಇಷ್ಟು ಅವಸರದಲ್ಲಿ ಬರೆಯುತ್ತಿದ್ದೇನೆ.

ನಿನ್ನ ಹೆದರಿಕೆ ಅವಳಿಗೆ ಗೊತ್ತಾಗುತ್ತದಾ ಅಂದರೆ, ಗೊತ್ತಾಗುತ್ತದೆ. ಸುಳ್ಳು ಹೇಳಲಾರೆ. ನೀನು ಉಸಿರು ಬಿಗಿ ಹಿಡಿದರೆ, ಕೈ ಗಡುಸಾದರೆ ಹಸುವಿಗೂ ತಿಳಿಯುತ್ತದೆ, ಕುದುರೆಗೂ ತಿಳಿಯುತ್ತದೆ. ಆದರೆ ‘ಇವಳು ಪುಕ್ಕಲಿ’ ಅಂತ ಅದು ಎಣಿಸುವುದಿಲ್ಲ ಮಗಳೇ. ‘ಇವಳಿಗೇ ಭಯ ಆಗಿದೆ ಅಂದರೆ ಇಲ್ಲೇನೋ ಅಪಾಯ ಇದೆ’ ಅಂತ ಅದಕ್ಕೂ ಎದೆ ಹೊಡೆದುಕೊಳ್ಳುತ್ತದೆ.

ಫಾರಂನಲ್ಲಿ ಒಬ್ಬ ಹಳೇ ಸೈಸ ಇದ್ದ, ಕುದುರೆ ನೋಡಿಕೊಳ್ಳುವ ಆಳು. ಲಾಯದ ಬಾಗಿಲಿಗೆ ಇನ್ನೂ ಹತ್ತು ಮಾರು ಇರುವಾಗಲೇ ಮಾತು ಶುರು ಮಾಡುತ್ತಿದ್ದ. ‘ಬಂದೆ ತಾಯಿ, ಬಂದೆ, ಹುರುಳಿ ತಂದಿದ್ದೀನಿ.’ ಒಳಗೆ ಹೋದವನು ಮೊದಲು ಭುಜದ ಮೇಲೆ ಕೈ ಇಡುತ್ತಿದ್ದ. ಆ ಕೈ ತೆಗೆಯದೆ ಬೆನ್ನು ಸವರಿಕೊಂಡೇ ಹಿಂದಕ್ಕೆ ಹೋಗುತ್ತಿದ್ದ. ಅದು ಬರೀ ಮುದ್ದು ಅಂದುಕೊಂಡಿದ್ದೆ. ಅವನಿಗೂ ಒಳಗೊಳಗೆ ಅಂಜಿಕೆ ಇತ್ತು ಅಂತ ಅವನೇ ಒಂದು ದಿನ ಹೇಳಿದ. ಜೀವಮಾನವಿಡೀ ಕುದುರೆ ಜೊತೆ ಇದ್ದವನಿಗೂ ಇತ್ತು. ನಿನಗೆ ಇದ್ದರೆ ನಾಚಿಕೆ ಯಾಕೆ?

ನಿನಗೆ ಹೇಳಿಕೊಡುವಷ್ಟು ನನಗೆ ಸೀಮೆಹಸುಗಳ ವಿಷಯ ಗೊತ್ತಿಲ್ಲ, ತಪ್ಪು ತಿಳಿಯಬೇಡ. ಒಂದು ಮಾತ್ರ ನೆನಪಿಟ್ಟುಕೋ. ಕುದುರೆ ನೇರ ಹಿಂದಕ್ಕೆ ಝಾಡಿಸುತ್ತದೆ. ಹಸು ಹಾಗಲ್ಲ, ಕಾಲನ್ನು ಮುಂದಕ್ಕೆ ತಂದು ಪಕ್ಕಕ್ಕೆ ಸುತ್ತಿಸಿ ಬೀಸುತ್ತದೆ. ಹಿಂದೆ ನಿಂತಿಲ್ಲ, ಪಕ್ಕದಲ್ಲಿದ್ದೇನೆ ಅಂತ ಧೈರ್ಯವಾಗಿರುವವರಿಗೇ ಏಟು ಬೀಳುವುದು. ಅಷ್ಟರ ಮಟ್ಟಿಗೆ ಭಯ ಇರಲಿ, ಅದು ಒಳ್ಳೆಯದೇ.

ಅವತ್ತಿನಿಂದ ಹಾಲು ಕಮ್ಮಿಯಾಗಿದೆ ಅಂದಿದ್ದೀಯ. ಬೆಚ್ಚಿದ ಹಸು ಹಾಲು ಇಳಿಸುವುದಿಲ್ಲ, ಕೆಚ್ಚಲಲ್ಲೇ ಕಟ್ಟಿಕೊಳ್ಳುತ್ತದೆ. ಯಾರಾದರೂ ಇಂಜೆಕ್ಷನ್ ಹಾಕಿ ಇಳಿಸೋಣ ಅಂದರೆ ಒಪ್ಪಬೇಡ. ಹಿಂದಿನ ಕಾಲು ಕಟ್ಟಿ ಹೊಡೆಯಲೂ ಬಿಡಬೇಡ. ಹಿಂಡಿ ಇಟ್ಟು, ಕೆಚ್ಚಲು ತೊಳೆದು, ಸ್ವಲ್ಪ ಹೊತ್ತು ಅವಳ ಜೊತೆ ಮಾತಾಡು. ಅವಳ ಗಾಬರಿ ಇಳಿದರೆ ನಿನ್ನದೂ ಇಳಿಯುತ್ತದೆ.

ಮೊದಲೇ ಕೇಳಬೇಕಾದ ಮಾತು ಈಗ ನೆನಪಾಯಿತು. ಒದ್ದಾಗ ನೀನು ಯಾವ ತೊಟ್ಟು ಹಿಡಿದಿದ್ದೆ? ಬರೀ ಆ ಒಂದನ್ನು ಮುಟ್ಟಿದಾಗ ಕಾಲು ಎತ್ತುತ್ತಾಳಾ? ಹಾಗಿದ್ದರೆ ಭಯದ ಮಾತೇ ಬೇರೆ, ಅವಳಿಗೆ ನೋವಿದೆ. ಆ ಕಡೆ ಕೆಚ್ಚಲು ಬಿಸಿಯಾಗಿದೆಯಾ, ಗಟ್ಟಿಯಾಗಿದೆಯಾ ಮುಟ್ಟಿ ನೋಡು. ಮೊದಲ ಎರಡು ಧಾರೆ ಒಂದು ಕರಿ ಬಟ್ಟೆ ಮೇಲೆ ಕರೆ. ಬಿಳಿ ಗರಣೆ ಕಂಡರೆ ಕೆಚ್ಚಲು ಬಾವು. ಸಂಜೆ ತನಕ ಕಾಯಬೇಡ, ಪಶು ಡಾಕ್ಟರನ್ನು ಕರೆಸು. ಏನಂದರು ಅಂತ ನನಗೆ ಫೋನ್ ಮಾಡು, ಕಾಗದ ಬರುವ ತನಕ ನನಗೆ ತಡೆಯಲಾಗದು.

ಇಂತಿ ನಿನ್ನ
ದೊಡ್ಡಪ್ಪ