28ನೇ ನಡೆಗೆ ಆಟ ಮುಗಿದಿರಲಿಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಸೋವಿಯತ್ ಒಕ್ಕೂಟದ ಎಸ್ಟ್ರಿನ್ (ಬಿಳಿ) ಮತ್ತು ಅಮೆರಿಕದ ಬರ್ಲಿನರ್ (ಕಪ್ಪು) ಅಂಚೆಯಲ್ಲಿ ಆಡಿದ ಚೆಸ್ ಆಟ ನೋಡಿ ಖುಷಿಯಾಯಿತು. ಆದರೆ 28ನೇ ನಡೆಗೆ ನಿಲ್ಲಿಸಿ, ‘ಮುಂದೆ ಕಪ್ಪು ಸುಲಭವಾಗಿ ಗೆದ್ದಿತು’ ಎಂದು ಬರೆದುಬಿಟ್ಟಿದ್ದೀರಿ. ಸುಲಭ ಎಲ್ಲಿ ಬಂತು ಸಾರ್?

10ನೇ ನಡೆಯನ್ನು ನೀವು ಹೊಗಳಿದ್ದು ಸರಿಯೇ. ಬಿಳಿಯ ಪದಾತಿಗಳು ಒಂದು ಕಡೆ ಕುದುರೆಯನ್ನು, ಇನ್ನೊಂದು ಕಡೆ ಒಂಟೆಯನ್ನು ಹೊಡೆಯಲು ನಿಂತಿವೆ. ಬರ್ಲಿನರ್ ಎರಡನ್ನೂ ಕದಲಿಸದೆ ಪದಾತಿಯನ್ನು ಇ4ಕ್ಕೆ ತಳ್ಳಿದರು (ಬಿಳಿಯ ಎಡದಿಂದ ಎ, ಬಿ, ಸಿ ಎಂದು ಎಚ್‌ವರೆಗೆ ಉದ್ದಸಾಲುಗಳು, ಬಿಳಿಯ ಕಡೆಯಿಂದ 1, 2, 3 ಎಂದು ಅಡ್ಡಸಾಲುಗಳು). ಕುದುರೆ ಹೋಯಿತು. ಆಗಲೂ ಒಂಟೆ ಉಳಿಸಿಕೊಳ್ಳದೆ, ಇನ್ನೊಂದು ಒಂಟೆಯನ್ನು ಡಿ6ಕ್ಕೆ ತಂದರು. ಎದುರಿಗಿದ್ದ ಎಸ್ಟ್ರಿನ್ ಆ ಓಪನಿಂಗ್ (ಆಟ ಶುರುಮಾಡುವ ನಡೆಗಳ ಕ್ರಮ) ಬಗ್ಗೆ ಪುಸ್ತಕವನ್ನೇ ಬರೆದವರು, ಮುಂದೆ ತಾವೂ ಅಂಚೆ ಚೆಸ್ಸಿನ ವಿಶ್ವ ಚಾಂಪಿಯನ್ ಆದವರು. ಧೈರ್ಯ ಅಂದರೆ ಅದು, ಒಪ್ಪಿದೆ.

ನನಗೆ ಇಷ್ಟವಾದದ್ದು ಮಾತ್ರ 31ನೇ ನಡೆ. ಓದುಗರು ಹಲಗೆ ತೆಗೆದು ಜೋಡಿಸಿಕೊಳ್ಳಲಿ. ಬಿಳಿ: ರಾಜ ಜಿ2, ಆನೆ ಎಫ್1, ಪದಾತಿಗಳು ಎ2, ಬಿ2, ಡಿ3. ಕಪ್ಪು: ರಾಜ ಡಿ6, ಆನೆ ಎಚ್8, ಪದಾತಿಗಳು ಎ7, ಬಿ6, ಎಫ್7, ಎಚ್5. ಕಪ್ಪಿಗೆ ಒಂದೇ ಪದಾತಿ ಜಾಸ್ತಿ. ಅದರಲ್ಲೂ ಎಫ್7ರದ್ದನ್ನು ಬಿಳಿಯ ಆನೆ ಹೊಡೆಯಲಿದೆ. ನಾವಾಗಿದ್ದರೆ ಏನು ಮಾಡುತ್ತಿದ್ದೆವು? ಆನೆಯನ್ನು ಕಾವಲಿಗೆ ಹಾಕುತ್ತಿದ್ದೆವು, ಅಲ್ವಾ? ಬರ್ಲಿನರ್ ಆನೆಯನ್ನು ಸಿ8ಕ್ಕೆ ಒಯ್ದರು. ಬೇಕಿದ್ದರೆ ತಗೋ ಎಂದು ಪದಾತಿ ಬಿಟ್ಟರು. ಎಸ್ಟ್ರಿನ್ ತಗೊಂಡರು. ಆಗ ಆನೆ ಸಿ7ಕ್ಕೆ ಬಂದು ಬಿಳಿಯ ಆನೆಗೇ ಎದುರು ನಿಂತಿತು. ಆನೆಗೆ ಆನೆ ಹೊಡೆದರೆ ಬಿಳಿಯ ರಾಜ ಎಚ್5ರ ಪದಾತಿಯ ಹಿಂದೆ ಓಡಬೇಕು, ಅಷ್ಟರಲ್ಲಿ ಕಪ್ಪು ರಾಜ ಈ ಕಡೆಯ ಬಿಳಿ ಪದಾತಿಗಳನ್ನೆಲ್ಲ ಗುಡಿಸಿ ಹಾಕುತ್ತಾನೆ. ಬಿಳಿ ಆನೆ ಹಿಂದೆ ಸರಿಯಿತು. ಕಪ್ಪು ರಾಜ ಇ5, ಡಿ4, ಡಿ3 ಎಂದು ನಡೆದೇಬಿಟ್ಟ. 42ನೇ ನಡೆಗೆ ಎಸ್ಟ್ರಿನ್ ಸೋಲೊಪ್ಪಿದರು. 1965ರಿಂದ 68ರವರೆಗೆ ನಡೆದ ಆ ಅಂಚೆ ಚೆಸ್ ವಿಶ್ವ ಚಾಂಪಿಯನ್‌ಷಿಪ್ ಟೂರ್ನಿಯಲ್ಲಿ ಬರ್ಲಿನರ್ 16 ಆಟಗಳಲ್ಲಿ 12 ಗೆದ್ದು 4 ಡ್ರಾ ಮಾಡಿಕೊಂಡರು. ಒಂದೂ ಸೋಲಲಿಲ್ಲ.

ಇಷ್ಟು ಹೊಟ್ಟೆಯುರಿ ಯಾಕೆಂದರೆ, ಇಂಥದೇ ಜಾಗದಲ್ಲಿ ನಾನು ಸೋತಿದ್ದೇನೆ. ಆಗ ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದೆ. ನಮ್ಮ ಭಾವ ಹಟ್ಟಿ ಚಿನ್ನದ ಗಣಿಯಲ್ಲಿದ್ದರು. 15 ಪೈಸೆ ಕಾರ್ಡಿನಲ್ಲಿ ಒಂದು ಆಟ ಒಂದೂವರೆ ವರ್ಷ ನಡೆಯಿತು. ಬೇರೆ ಬೇರೆ ದೇಶದವರು ಆಡುವಾಗ ಭಾಷೆಯ ತಾಪತ್ರಯ ಬೇಡವೆಂದು ನಡೆಯನ್ನು ಬರೀ ಅಂಕಿಯಲ್ಲಿ ಬರೆಯುವ ಪದ್ಧತಿಯಿದೆ. ಎ, ಬಿ, ಸಿ ಬದಲು 1, 2, 3; ಇ2ರಿಂದ ಇ4 ಎಂದರೆ 5254. ಭಾವ ಎಲ್ಲಿಂದಲೋ ಅದನ್ನು ಕಲಿತು ಹಾಗೇ ಬರೆಯುತ್ತಿದ್ದರು. ನಮ್ಮ ಪೋಸ್ಟ್‌ಮ್ಯಾನ್ ಒಂದು ದಿನ ಮೆಲ್ಲಗೆ ಕೇಳಿದ, ‘ಇವತ್ತಿನ ಓಸಿ ಮಟ್ಕಾ ನಂಬರೇನ್ರೀ ಇದು?’ ಎಂದು! ಆ ಆಟದಲ್ಲೂ ಕೊನೆಗೆ ಉಳಿದದ್ದು ಆನೆ, ಪದಾತಿಗಳೇ. ನನಗೇ ಒಂದು ಪದಾತಿ ಜಾಸ್ತಿ ಇತ್ತು. ಅದನ್ನು ಬಿಡಲು ಮನಸ್ಸಾಗದೆ ಆನೆಯನ್ನು ಅದರ ಬೆನ್ನಿಗೆ ಕಟ್ಟಿಹಾಕಿ ಕೂತೆ. ಭಾವನ ರಾಜ ಆರಾಮಾಗಿ ನಡೆದು ಒಳಗೆ ಬಂದ. ‘ಇನ್ನು ಸಾಕು ಮಾರಾಯ, ಕಾರ್ಡಿನ ಖರ್ಚಾದರೂ ಉಳಿಸು’ ಎಂದು ಕೊನೆಯ ಕಾರ್ಡು ಬಂತು.

ನಿಮ್ಮ ಪುರವಣಿ ನೋಡಿ ಚೆಸ್ ಕಲಿಯುವ ಹುಡುಗರು ನಮ್ಮ ಓಣಿಯಲ್ಲೇ ನಾಲ್ಕು ಜನ ಇದ್ದಾರೆ. ಒಳ್ಳೆಯ ನಡೆಗೆ ಸುಮ್ನೆ ಆಶ್ಚರ್ಯಸೂಚಕ ಚಿಹ್ನೆ ಹಾಕಿ ಬಿಡಬೇಡಿ, ಯಾಕೆ ಎಂದು ಒಂದು ಸಾಲು ಬರೆಯಿರಿ. ಉಳಿದ 14 ನಡೆಗಳನ್ನು ಬರುವ ಭಾನುವಾರ ಹಾಕುತ್ತೀರಾ? ರಾಶಿ ಭವಿಷ್ಯವನ್ನು ಒಂದಿಷ್ಟು ಒತ್ತಿದರೆ ಜಾಗ ಸಿಗುತ್ತದೆ.

– ಒಬ್ಬ ಹಳೆಯ ಓದುಗ, ಗಂಗಾವತಿ, ಕೊಪ್ಪಳ ಜಿಲ್ಲೆ